ಸಿದ್ಧ ಉತ್ತರ

ಸಹೃದಯರಾದ ವಾಚಕ ಮಹಾಶಯರ ಸನ್ನಿಧಿಯಲ್ಲಿ ಸವಿನಯ ವಿಜ್ಞಾಪನೆ. ಮುಂದೆ ನಿರೂಪಿಸಲಾಗುವ ವೃತ್ತಾಂತವು ಇನ್ನೂ ನಡೆದಿಲ್ಲ. ಆದರೆ ನಡೆಯುವುದಕ್ಕೆ ಬೇಕಾದ ಸಕಲ ಸಲಕರಣೆಗಳೂ ಈಗಾಗಲೇ ಮೇಜಿನ ಮೇಲೆ ಜೋಡಣೆಯಾಗಿವೆ. ಆಕಾಶನೌಕೆಯನ್ನೋ ಅನ್ಯಗ್ರಹದ ಜೀವಿಯನ್ನೋ ನಿರೀಕ್ಷಿಸಿ ಬಂದವರು ದಯಮಾಡಿ ಮನ್ನಿಸಬೇಕು. ಇಲ್ಲಿರುವುದು ಒಂದು ಪೆಟ್ಟಿಗೆ, ಒಂದು ಗುಂಡಿ, ಒಂದು ಶಾಲಾ ವ್ಯಾನು, ಮತ್ತು ತಲೆಯೆತ್ತಿ ನಡೆಯಲಾರದೆ ಹೋದ ಒಬ್ಬ ಮನುಷ್ಯ. ಪ್ರಶ್ನೆಯೂ ಒಂದೇ: ಮನುಷ್ಯನ ದುಃಖವನ್ನು ಯಂತ್ರವೊಂದು ಕೇಳಿಸಿಕೊಂಡು, ಬರೆದು, ಆ ಬರಹಕ್ಕೆ ಬಿದ್ದ ಅಂಕಿಯನ್ನು ಸುಲಭವಾಗಿ ಅಳಿಸಲಾಗದಂತೆ ಊರಿನ ಎಲ್ಲ ಬೀಗಗಳಿಗೂ ತಿಳಿಸಿಬಿಟ್ಟರೆ ಏನಾದೀತು?

ಆ ಪೆಟ್ಟಿಗೆಯ ಹೆಸರು 'ಆಲಿಕೆ'. ಉಪ್ಪಿನ ಡಬ್ಬಿಯಷ್ಟು ಗಾತ್ರ. ವೈದ್ಯರ ಮೇಜಿನ ಮೇಲೆ ಕುಳಿತು ಅದು ರೋಗಿಯ ಮಾತನ್ನು ಕೇಳುತ್ತಿತ್ತು. ಮಾತಿಗಿಂತ ಹೆಚ್ಚಾಗಿ ಮಾತಿನ ನಡುವಿನ ಬಿಡುವನ್ನು, ದನಿಯ ಏರಿಳಿತವನ್ನು, ಪ್ರಶ್ನೆಯ ನಂತರ ಎಳೆದುಕೊಂಡ ಉಸಿರನ್ನು ಅಳೆಯುತ್ತಿತ್ತು. ಆಮೇಲೆ ಅದೆಲ್ಲವನ್ನೂ ಶುದ್ಧ ಗ್ರಾಂಥಿಕ ಭಾಷೆಯ ಟಿಪ್ಪಣಿಯಾಗಿಸಿ ವೈದ್ಯರ ಮುಂದಿಡುತ್ತಿತ್ತು. ವೈದ್ಯರು ಹೆಬ್ಬೆರಳೊತ್ತಿದರೆ ಟಿಪ್ಪಣಿ ಹೆಸರು ಕಳಚಿಕೊಂಡು ಹುಬ್ಬಳ್ಳಿಯ ಸಂಕೇತ ಭವನಕ್ಕೆ ಬರುತ್ತಿತ್ತು. ಅಲ್ಲಿ ಸಾಲಾಗಿ ಕುಳಿತ ನೂರಿಪ್ಪತ್ತು ಮಂದಿ ಅದನ್ನೋದಿ ಕಾಯಿಲೆಯ ಸಂಕೇತ ಬರೆಯುತ್ತಿದ್ದರು. ಅವರಲ್ಲಿ ಖಿನ್ನತೆಯ ಕಡತಗಳ ಮೇಲೆ ಅಡಿವೆಪ್ಪನಷ್ಟು ಕೈ ಪಳಗಿದವರು ಇನ್ನೊಬ್ಬರಿರಲಿಲ್ಲ.

ಖಿನ್ನತೆಗೆ ಎಫ್ ಮೂವತ್ತೆರಡು. ಅದರ ಮುಂದಿನ ಚುಕ್ಕೆಯ ಆಚೆಗೆ ಸೊನ್ನೆಯಿದ್ದರೆ ಸೌಮ್ಯ, ಒಂದಿದ್ದರೆ ಮಧ್ಯಮ, ಎರಡಿದ್ದರೆ ತೀವ್ರ. ಎಷ್ಟೆಂದು ವೈದ್ಯರು ಹೇಳದೆ ಬಿಟ್ಟಿದ್ದರೆ ಒಂಬತ್ತು. ಭವನದಲ್ಲಿ ಒಂಬತ್ತು ಬರೆಯುವುದೆಂದರೆ ಮುಖಭಂಗ. ಬರೆದವನ ಹೆಸರಿನ ಮುಂದೆ ಗೋಡೆಯ ಫಲಕದಲ್ಲಿ ಕೆಂಪು ಗೀಟು ಬೀಳುತ್ತಿತ್ತು. ಅದನ್ನು ತಪ್ಪಿಸಿಕೊಳ್ಳಲು ವೈದ್ಯರನ್ನು ಕೇಳಬಹುದಾಗಿತ್ತು. ಆದರೆ ಪ್ರಶ್ನೆ ತೆರೆದಿರಬೇಕು, ಉತ್ತರವನ್ನು ವೈದ್ಯರ ಬಾಯಿಗೆ ತುರುಕಬಾರದು ಎಂಬುದು ನಿಯಮ. ದಿನಕ್ಕೆ ಎಂಬತ್ತು ರೋಗಿಗಳನ್ನು ನೋಡುವ ವೈದ್ಯರು ತೆರೆದ ಪ್ರಶ್ನೆಗೆ ವಾರವಾದರೂ ಉತ್ತರಿಸುತ್ತಿರಲಿಲ್ಲ. ಅಡಿವೆಪ್ಪ ಒಂದು ಉಪಾಯ ಕಂಡುಹಿಡಿದ. ಪ್ರಶ್ನೆಯ ಕೆಳಗೆ ಒಂದು ಸಿದ್ಧ ಉತ್ತರವನ್ನೂ ಇಟ್ಟು ಕಳಿಸತೊಡಗಿದ: 'ತೀವ್ರ. ಒಪ್ಪಿಗೆಯೇ?' ವೈದ್ಯರು ಒಂದು ಬೆರಳು ತಾಗಿಸಿದರೆ ಸಾಕು.

ತೀವ್ರವೇ ಏಕೆಂದರೆ, ಎರಡರವರಿಗೆ ವರ್ಷವಿಡೀ ಔಷಧಿ ಮನೆಬಾಗಿಲಿಗೆ ಬರುತ್ತಿತ್ತು. ಒಂದರವರಿಗೆ ಆರೇ ವಾರ. ಯಾರದೋ ಕಷ್ಟಕ್ಕೆ ತನ್ನಿಂದಾದ ಉಪಕಾರ ಎಂದು ಅವನು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡಿದ್ದ. ಮೂರು ವರ್ಷ ಅವನ ಹೆಸರಿನ ಮುಂದೆ ಒಂದೂ ಕೆಂಪು ಗೀಟು ಬೀಳಲಿಲ್ಲ.

ಆಮೇಲೆ ಹೊಸ ಸುರಕ್ಷತಾ ಕಾಯಿದೆ ಬಂತು. ಎರಡೆಂಬ ಅಂಕಿಯಿದ್ದವರು ಮರುಪರೀಕ್ಷೆಯಾಗುವ ತನಕ ವಾಹನ ನಡೆಸಕೂಡದು, ವಿದ್ಯುತ್ ಕಂಬ ಏರಕೂಡದು, ಪರರ ಮಕ್ಕಳ ಹೊಣೆ ಹೊರಕೂಡದು. ಮರುಪರೀಕ್ಷೆಯ ಸರದಿಯೋ, ಎರಡು ವರ್ಷದಷ್ಟು ಉದ್ದ. ಸುತ್ತೋಲೆಗೆ ಭವನದವರೆಲ್ಲ ಸಹಿ ಹಾಕಿದರು. ಅಡಿವೆಪ್ಪನೂ ಹಾಕಿದ, ಅದು ತನಗೆ ಸಂಬಂಧಿಸಿದ್ದೆಂದು ಅವನಿಗೆ ಹೊಳೆಯಲೇ ಇಲ್ಲ.

ಕಾಯಿದೆ ಜಾರಿಗೆ ಬಂದ ಸೋಮವಾರ ಬೆಳಿಗ್ಗೆ ಅವನು ಹಳೇ ಹುಬ್ಬಳ್ಳಿಯ ಮನೆಯ ಮಾಳಿಗೆಯಲ್ಲಿ ಗಡ್ಡ ಬೋಳಿಸಿಕೊಳ್ಳುತ್ತಿದ್ದ. ಮನೆ ಅವನ ಅಕ್ಕ ನಿಂಬೆವ್ವನದು. ತಾಯಿ ತೀರಿಕೊಂಡಾಗ ಅವನಿಗೆ ಆರು ವರ್ಷ, ಅವಳಿಗೆ ಇಪ್ಪತ್ತು. ಬೆಳೆಸಿದವಳೂ ಓದಿಸಿದವಳೂ ಅವಳೇ. ಮದುವೆಯಾಗದ ತಮ್ಮ ಮೇಲಿನ ಕೋಣೆಯಲ್ಲಿದ್ದು ಅವಳ ಕೈಯ ರೊಟ್ಟಿಯುಂಡೇ ಕೆಲಸಕ್ಕೆ ಹೋಗುತ್ತಿದ್ದ. ಎರಡು ವರ್ಷದ ಹಿಂದೆ ಗಂಡ ಕಣ್ಮುಚ್ಚಿದ ಮೇಲೆ ಮಕ್ಕಳಿಲ್ಲದ ನಿಂಬೆವ್ವ ಗಂಡನ ಶಾಲಾ ವ್ಯಾನಿನ ಚಕ್ರ ತಾನೇ ಹಿಡಿದಿದ್ದಳು. ಓಣಿಯ ಹದಿನಾಲ್ಕು ಮಕ್ಕಳು ಅವಳ ಜೊತೆಯಲ್ಲೇ ಶಾಲೆಗೆ ಹೋಗಿ ಬರುತ್ತಿದ್ದರು.

ಕೆಳಗಿನಿಂದ ದನಿಗಳು ಕೇಳಿಬಂದವು.

"ಏನಾತು ನಿಂಬೆಕ್ಕಾ? ಗಾಡಿ ಯಾಕ ಚಾಲೂ ಆಗವಲ್ದು? ಮುನಿಸ್ಕೊಂಡೈತೇನು?" ಎಂದವಳು ಎದುರು ಮನೆಯ ಜುಲೇಖಾ.

"ತಡಿಯವ್ವಾ, ಏನೋ ಬಡಬಡಸಾಕತ್ತೈತಿ."

ವ್ಯಾನು ತನ್ನ ಯಂತ್ರದ ಗಂಟಲಲ್ಲಿ, ಓಣಿಗೆಲ್ಲ ಕೇಳುವಂತೆ ಸಾರಿತು: "ಚಾಲಕರ ಆರೋಗ್ಯ ಸಂಕೇತದ ಕಾರಣ ಈ ವಾಹನವನ್ನು ತಡೆಹಿಡಿಯಲಾಗಿದೆ. ದಯವಿಟ್ಟು ಸಹಕರಿಸಿ." ನಿಂಬೆವ್ವ ಕೀಲಿ ತಿರುಗಿಸಿದಾಗಲೆಲ್ಲ ಅದೇ ಮಾತು. ಅಷ್ಟರಲ್ಲಿ ಒಬ್ಬ ತಾಯಿ ವ್ಯಾನಿನೊಳಗಿನಿಂದ ತನ್ನ ಮಗನ ಪಾಟಿಚೀಲ ಎತ್ತಿಕೊಂಡು ಹೋದಳು.

"ಆರೋಗ್ಯ ಸಂಕೇತ ಅಂದ್ರ ಏನಕ್ಕಾ? ಅಂಟೂ ಜಡ್ಡೇನು?" ಎಂದಳು ಜುಲೇಖಾ.

"ಬಿ.ಪಿ. ಅವ್ವಾ, ಬಿ.ಪಿ.! ನಿನ್ನಂಥಾಕಿ ಜೋಡಿ ದಿನಾ ಮಾತಾಡಿದ್ರ ಬಿ.ಪಿ. ಬರದ ಮತ್ತೇನ ಬರ್ತದ?"

ನೆರೆದ ತಾಯಂದಿರೆಲ್ಲ ನಕ್ಕರು, ಆದರೂ ಮಕ್ಕಳ ಕೈ ಹಿಡಿದುಕೊಂಡೇ ಹೊರಟುಹೋದರು. ನಿಂಬೆವ್ವ ಮೆಟ್ಟಿಲೇರಿ ಬಂದು ತಮ್ಮನ ಮುಂದೆ ದವಾಖಾನೆಯವರು ಕೊಟ್ಟಿದ್ದ ಕಡತದ ಸಂಖ್ಯೆಯ ಚೀಟಿ ಹಿಡಿದಳು.

"ಅಡಿವ್ಯಾ, ನೀ ಅಲ್ಲೇ ಕುಂದ್ರಾಂವ ಅಲ್ಲಾ? ಇದನ್ನ ಯಾವ ಹಾಳಾದಾಂವ ಬರದಾನ ನೋಡು. ಬಿ.ಪಿ. ಗುಳಗಿ ಕೊಡಂದ್ರ ನನ್ನ ಗಾಡೀಗೆ ಕೀಲಿ ಜಡದಾನ."

"ನೀ ಯಾವಾಗ ದವಾಖಾನೀಗೆ ಹೋಗಿದ್ದಿ ಅಕ್ಕಾ? ನನಗ ಹೇಳ್ಲೇ ಇಲ್ಲಲ್ಲ."

"ಹೋಗಿದ್ದೆ ಯಾವಾಗೋ." ಆಗಲೇ ಮಡಿಸಿಟ್ಟಿದ್ದ ಟವೆಲನ್ನು ಬಿಚ್ಚಿ ಅವಳು ಮತ್ತೆ ಮಡಿಸತೊಡಗಿದಳು. "ಹುಡುಗರು ನಡಕೋತ ಹೋದ್ವು. ಜಲ್ದಿ ನೋಡಪಾ."

ಭವನದಲ್ಲಿ ತನ್ನ ಮೇಜಿಗೆ ಕುಳಿತು ಅಡಿವೆಪ್ಪ ಸಂಖ್ಯೆಯನ್ನು ಒತ್ತಿದ. ಕಡತ ತೆರೆಯಿತು. ಸ್ತ್ರೀ, ಐವತ್ತೆರಡು ವರ್ಷ, ಚಾಲಕಿ. ಗದಗಿನ ಚಿಕಿತ್ಸಾಲಯ. ಎಂಟು ತಿಂಗಳ ಹಿಂದಿನ ದಿನಾಂಕ. ಎಫ್ ಮೂವತ್ತೆರಡು, ಚುಕ್ಕೆ, ಎರಡು.

ಬಿ.ಪಿ. ಅಲ್ಲ.

ಸಂಕೇತ ಬರೆದವರ ಜಾಗದಲ್ಲಿ ನಾಲ್ಕು ಅಂಕಿಗಳಿದ್ದವು. ಅವು ಅವನ ಕೊರಳಿಗೆ ಜೋತುಬಿದ್ದ ಗುರುತಿನ ಚೀಟಿಯ ಅಂಕಿಗಳೇ. ಕೆಳಗೆ ಅವನ ಸಿದ್ಧ ಉತ್ತರ. ಅದರ ಕೆಳಗೆ ವೈದ್ಯರ ಒಪ್ಪಿಗೆ. ಅದಕ್ಕೆ ತಗುಲಿದ ಸಮಯ ಎರಡು ಸೆಕೆಂಡು.

ಟಿಪ್ಪಣಿ ಹೀಗಿತ್ತು: 'ರೋಗಿಯು ನಿದ್ರಾಭಂಗ, ಆಸಕ್ತಿಯ ಕೊರತೆ ಹಾಗೂ ಸಹವಾಸಿಯಿಂದ ಭಾವನಾತ್ಮಕ ಅಂತರವನ್ನು ವರದಿ ಮಾಡುತ್ತಾರೆ. ವೃತ್ತಿನಿರ್ವಹಣೆ ಬಾಧಿತವಾಗಿಲ್ಲ. ಆತ್ಮಹಾನಿಯ ಆಲೋಚನೆ ಇಲ್ಲ.' ಇದನ್ನೋದಿ ತೀವ್ರವೆನ್ನಲು ಹೊಸದಾಗಿ ತರಬೇತಿಗೆ ಸೇರಿದವನೂ ಹಿಂಜರಿಯುತ್ತಿದ್ದ. ಅವನು ಹಿಂಜರಿದಿರಲಿಲ್ಲ. ಇದನ್ನು ಓದಿದ ನೆನಪೂ ಅವನಿಗಿರಲಿಲ್ಲ. 'ಸಹವಾಸಿ' ಎಂಬ ಶಬ್ದವನ್ನು ದಾಟಿ ಕಣ್ಣು ಮುಂದಕ್ಕೆ ಹೋಗಿತ್ತು. ಆ ಸಹವಾಸಿ ತಾನು.

ಟಿಪ್ಪಣಿಯ ಪಕ್ಕದಲ್ಲಿ ಕಿವಿಯ ಚಿತ್ರವಿದ್ದ ಸಣ್ಣ ಗುಂಡಿಯೊಂದಿತ್ತು. ಒತ್ತಿದರೆ ರೋಗಿಯ ಮೂಲ ಮಾತು ಕೇಳುತ್ತಿತ್ತು. ಒಂದು ಕಡತಕ್ಕೆ ನಾಲ್ಕು ನಿಮಿಷದ ಲೆಕ್ಕವಿದ್ದ ಭವನದಲ್ಲಿ ಆ ಗುಂಡಿಯನ್ನು ಯಾರೂ ಒತ್ತುತ್ತಿರಲಿಲ್ಲ. ಅಡಿವೆಪ್ಪ ಒತ್ತಿದ.

"ಕುಂದರ್ರಿ ಅವ್ವಾರ. ಎಲ್ಲಿಂದ ಬಂದ್ರಿ?" ವೈದ್ಯೆಯದು ಎಳೆಯ ದನಿ.

"ಹುಬ್ಬಳ್ಳಿಯಿಂದ್ರಿ."

"ಅಲ್ಲೇ ಬೇಕಾದಷ್ಟು ದವಾಖಾನಿ ಅದಾವಲ್ರಿ?"

"ಅದಾವ್ರಿ. ಅಲ್ಲಿ ನನ್ನ ಮಾರಿ ಎಲ್ಲಾರಿಗೂ ಗೊತ್ತೈತಿ." ಒಂದು ನಗು. ಆಮೇಲೆ ಎಳೆದುಕೊಂಡ ಒಂದು ಉಸಿರು. "ಹುಡುಗರನ್ನ ಸಾಲಿಗೆ ಬಿಟ್ಟಮ್ಯಾಲೆ ಗಾಡ್ಯಾಗ ಒಬ್ಬಾಕೀನ ಕುಂತಿರ್ತೀನ್ರಿ. ಮನೀಗೆ ಹೋಗಾಕ ಮನಸ್ಸ ಬರಂಗಿಲ್ಲ. ಹುಡುಗರಿದ್ದಾಗ ಏನೂ ಇಲ್ಲ ನೋಡ್ರಿ, ಅವರ ಗದ್ದಲದಾಗ ನಾ ಬರೋಬ್ಬರಿ ಇರ್ತೀನಿ. ಅವು ಇಳದು ಹೋದಕೂಡ್ಲೇ ಯಾರೋ ದೀಪಾ ಆರಿಸಿಧಂಗ ಆಗತೈತಿ."

"ಮನ್ಯಾಗ ಯಾರದಾರ್ರಿ?"

"ತಮ್ಮ ಅದಾನ್ರಿ. ದೊಡ್ಡ ಆಫೀಸಿನ್ಯಾಗ ಕೆಲಸ. ಹಿಂತಾವ್ನ ದಿನಕ್ಕ ನೂರು ಓದ್ತಾನಂತ. ದಣದು ಬಂದಿರ್ತಾನ, ಮನ್ಯಾಗೂ ಅದನ್ನ ಏನ ಕೇಳ್ಸೂದು ಅಂತ ಸುಮ್ನಿರ್ತೀನಿ. ಅವಗೊಂದು ಹೇಳಬ್ಯಾಡ್ರಿ ತಾಯಿ."

ಮುಗಿದ ಮೇಲೂ ಅಡಿವೆಪ್ಪ ಕಿವಿಯ ಯಂತ್ರ ತೆಗೆಯಲಿಲ್ಲ. ಮುಖ ಕಾದ ಹೆಂಚಿನಂತಾಗಿತ್ತು. ಸುತ್ತಲಿನ ನೂರಿಪ್ಪತ್ತು ಮಂದಿಯೂ ತನ್ನನ್ನೇ ನೋಡುತ್ತಿರುವಂತೆ ಭಾಸವಾಯಿತು, ಯಾರೂ ನೋಡುತ್ತಿರಲಿಲ್ಲ. ಸಿದ್ಧ ಉತ್ತರ ಇಟ್ಟು ಕಳಿಸಿದ ಕಡತಗಳೆಷ್ಟೆಂದು ಯಂತ್ರವನ್ನು ಕೇಳಿದ. ಸಾವಿರದ ಮುನ್ನೂರ ಆರು. ಅಷ್ಟನ್ನೂ ಕಾಗದಕ್ಕಿಳಿಸಿ ಪಟ್ಟಿಯನ್ನು ಅಂಗಿಯ ಕಿಸೆಗೆ ತುರುಕಿದ.

"ಏನ್ರಿ ಅಡಿವೆಪ್ಪ, ಮಾರಿ ಯಾಕ ಹಿಂಗಾಗೇತಿ?" ಎಂದು ಮೇಲ್ವಿಚಾರಕಿ ತೊರಗಲ್ಲ ಮೇಡಂ ಅವನನ್ನು ತಮ್ಮ ಕೋಣೆಗೆ ಕರೆದರು. ಅವನು ಹೇಳಿದ. ಅವರು ಬಾಗಿಲು ಮುಂದೆಳೆದು ದನಿ ತಗ್ಗಿಸಿದರು. "ವರ್ಷಕ್ಕ ಒಂದು ಕಡತ 'ಬೆರಳು ತಪ್ಪಿದ್ದು' ಅಂತ ತಿದ್ದಾಕ ಬರ್ತೈತಿ. ನಿಮ್ಮಕ್ಕಾರದು ತಿದ್ದಿಬಿಡ್ರಿ. ಮುಗೀತು."

"ಉಳದವರದು?"

"ಅವಕ್ಕ ದೋಷ ಒಪ್ಪಿಗೆ ಅಂತ ಐತಿ. ಬರದ್ರ ನಿಮ್ಮ ಹೆಸರು ಅಷ್ಟೂ ಮಂದೀಗೆ ಹೋಗತೈತಿ. ಕೆಲಸಾನೂ ಹೋಗತೈತಿ. ಮ್ಯಾಲೆ, ತಪ್ಪು ಮಾಡಿದಾಂವನ ಒಬ್ಬೊಬ್ಬರ ಮನೀಗೆ ಹೋಗಿ, ಅವರ ಮಾತು ಮೊದಲಿಂದ ಕೊನೀತನಕಾ ಕೇಳಿ, ದಾಖಲು ಮಾಡಿ, ವೈದ್ಯರಿಗೂ ಪೂರಾ ಕೇಳಿಸಬೇಕು. ಆಮ್ಯಾಲೆ ಅವರು ತೀರ್ಮಾನ ಕೊಡ್ತಾರ. ಸರದಿ ಕಾಯೂದೊಂದು ತಪ್ಪತೈತಿ."

"ಆಲಿಕೆ ಕೇಳಿದ್ರ ನಡಿಯಂಗಿಲ್ಲೇನ್ರಿ?"

"ಅದು ಒಮ್ಮೆ ಕೇಳೇತಲ್ರಿ. ಕೇಳ್ಲಾರದಾಂವ ನೀವು." ಮೇಡಂ ನಿಟ್ಟುಸಿರಿಟ್ಟರು. "ಇಲ್ಲೀತನಕಾ ಯಾರೂ ಅದನ್ನ ಬರದಿಲ್ಲ. ಸುಮ್ನ ಅಕ್ಕಂದು ತಿದ್ದಿ ಮನೀಗೆ ಹೋಗ್ರಿ."

ಅವನು ಹಾಗೆಯೇ ಮಾಡಿದ. ಎರಡನ್ನು ಒಂದು ಮಾಡಿ, ಕಾರಣದ ಜಾಗದಲ್ಲಿ 'ಬೆರಳು ತಪ್ಪಿದ್ದು' ಎಂದು ಬರೆದ. ಬೆರಳು ತಪ್ಪಿರಲಿಲ್ಲ.

ಮರುದಿನ ವ್ಯಾನು ಸದ್ದಿಲ್ಲದೆ ಚಾಲೂ ಆಯಿತು. ನಿಂಬೆವ್ವ ಓಣಿಯಲ್ಲೆಲ್ಲ ತಮ್ಮನ ಗುಣಗಾನ ಮಾಡಿಕೊಂಡು ಬಂದಳು. ಗೋಧಿ-ಬೆಲ್ಲದ ಮಾದಲಿ ಮಾಡಿ, ತುಪ್ಪ ಸುರಿದು ಬಡಿಸಿದಳು. "ಉಣ್ಣೋ, ಯಾಕ ಕೈಯಾಡಸಾಕತ್ತಿ?" ಎಂದಳು. ಅವನು ಉಂಡ. ಎಂಟು ತಿಂಗಳಿಂದ ಈ ಮನೆಬಾಗಿಲಿಗೇ ಬರುತ್ತಿದ್ದ ಅವಳ ಔಷಧಿ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಅವಳ ಮುಖವನ್ನು ನೋಡಬೇಕೆನಿಸಿತು. ಎದುರಿಗೆ ಕುಳಿತು ಇಷ್ಟು ವರ್ಷ ಉಂಡದ್ದರಲ್ಲಿ ಆ ಮುಖವನ್ನು ತಾನು ನೆಟ್ಟಗೆ ನೋಡಿದ್ದು ಯಾವಾಗ ಎಂದು ನೆನೆದ, ನೆನಪಾಗಲಿಲ್ಲ.

ಗುರುವಾರ ಸಂಜೆ ಅವನು ಕೆಲಸದಿಂದ ಬರುವಷ್ಟರಲ್ಲಿ ಪಡಸಾಲೆಯಲ್ಲಿ ಒಬ್ಬ ಗಂಡಸು ಕುಳಿತಿದ್ದ. ಹಿಂದಿನ ಓಣಿಯ ಬಾಬಾಜಾನ, ಕರೆಂಟು ಕಂಬ ಏರುವ ಲೈನ್‌ಮನ್.

"ಬಾ ತಮ್ಮಾ. ಇವನ ಕಂಬ ಏರೋ ಸೊಂಟದ ಪಟ್ಟಾ ಕೀಲಿ ಬಿದ್ದೈತಂತ. ನನ್ನಂಗ ಬಿ.ಪಿ. ಕೇಸ್ ಇದ್ದೀತು. ನನ್ನ ತಮ್ಮ ಒಂದ ದಿನದಾಗ ಬಿಚ್ಚತಾನ ಅಂತ ಹೇಳಿ ಕರಕೊಂಡ ಬಂದೇನಿ."

ಬಾಬಾಜಾನ ಎದ್ದು ನಿಂತ. "ನಂದು ಬಿ.ಪಿ. ಅಲ್ರಿ ಸಾಹೇಬ್ರ. ಮನಸ್ಸಿಂದು. ಹ್ವಾದ ವರ್ಷ ಗುಳಗಿ ತಗೊಂಡೆ, ಈಗ ಆರಾಮದೇನಿ. ಕೆಳಗ ನಿಂತು ಹುಡುಗರಿಗೆ ತಂತಿ ಕೊಡು ಅಂದಾರ. ಮನ್ಯಾಗ ಹೆಣ್ತಿ ಏನೂ ಅನ್ನಂಗಿಲ್ರಿ. ನನಗ ಮಾರಿ ಎತ್ತಾಕ ಆಗವಲ್ದು." ಅವನು ಚೀಟಿ ಚಾಚಿದ.

ಅಡಿವೆಪ್ಪ ಕಿಸೆಯಿಂದ ಪಟ್ಟಿ ತೆಗೆದ. ಬೆರಳು ಒಂಬತ್ತನೆಯ ಹಾಳೆಯಲ್ಲಿ ನಿಂತಿತು. ಸಂಖ್ಯೆ ಅಲ್ಲಿತ್ತು. ಎರಡು ವಾಕ್ಯದ ಸುಳ್ಳು ಸಾಕಿತ್ತು: ನೋಡೋಣ, ಪ್ರಯತ್ನ ಮಾಡ್ತೀನಿ. ಬಾಯಿ ಅದಕ್ಕಾಗಿಯೇ ತೆರೆದುಕೊಂಡಿತು.

"ಇದನ್ನ ಬರದಾಂವ ನಾನ."

ಬಾಬಾಜಾನ ಚೇಷ್ಟೆಯೆಂದುಕೊಂಡು ನಕ್ಕ. ನಿಂಬೆವ್ವ ನಗಲಿಲ್ಲ.

"ಇವಂದೇನು?"

"ನಿಂದೂ."

ಆ ಮಾತು ಬಾಯಿಂದ ಬಿದ್ದ ಮೇಲೆ, ಅಕ್ಕ ಎಂಟು ತಿಂಗಳು ಮುಚ್ಚಿಟ್ಟದ್ದನ್ನು ಪರರೆದುರು ಬಯಲಿಗೆಳೆದೆನೆಂದು ಅವನಿಗೆ ಅರಿವಾಯಿತು. ನೆಲ ಬಾಯ್ಬಿಟ್ಟಿದ್ದರೆ ಇಳಿದುಬಿಡುತ್ತಿದ್ದ. ಬಾಬಾಜಾನ ಮೆಲ್ಲಗೆ ಕೇಳಿದ: "ಅಕ್ಕಾ, ನಿಮಗೂ?"

"ಹೂಂನಪ್ಪಾ." ಅವಳು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. ದೃಷ್ಟಿ ಮಾತ್ರ ತಮ್ಮನ ಮೇಲೇ ಇತ್ತು. "ನೀ ಓದೀದೇನು ಅದನ್ನ?"

"ಓದೇನಿ."

"ನಾನ ಅಂತ ಗೊತ್ತಾಗಲಿಲ್ಲಾ?"

"ಹೆಸರಿರಂಗಿಲ್ಲಕ್ಕಾ ಅದರಾಗ."

"ಹೆಸರಿಲ್ಲಂದ್ರ ಏನ ಬರದ್ರೂ ನಡೀತೈತೇನು? ಇರಲಿ. ದಿನಾ ಮುಂದ ಕುಂತು ಉಣ್ತೀಯಲ್ಲ, ಆವಾಗ ನನಗ ಹೆಸರ ಐತಿ. ಆವಾಗರ ಏನ ಗೊತ್ತಾತು ನಿನಗ?"

ಅವನು ಉತ್ತರದ ಬದಲು ಉಳಿದದ್ದನ್ನೆಲ್ಲ ಹೇಳಿದ: ಸಿದ್ಧ ಉತ್ತರದ ಸಂಗತಿ, ಪಟ್ಟಿಯ ಸಂಗತಿ, ದೋಷ ಒಪ್ಪಿಗೆಯ ಸಂಗತಿ. ಅದನ್ನು ಬರೆದರೆ ಅವಳ ಕಡತಕ್ಕೆ ಮಾಡಿದ ಸುಳ್ಳು ತಿದ್ದುಪಡಿಯೂ ಬಿದ್ದುಹೋಗಿ, ವೈದ್ಯರ ತೀರ್ಮಾನ ಬರುವವರೆಗೆ ವ್ಯಾನು ಮತ್ತೆ ನಿಲ್ಲುತ್ತದೆಂಬುದನ್ನೂ ಹೇಳಿದ. "ನೀ ಬ್ಯಾಡ ಅಂದ್ರ ಬರಿಯಂಗಿಲ್ಲ," ಎಂದು ಮಾತು ಮುಗಿಸಿದ. ಮುಗಿಸುತ್ತಲೇ ಆ ಭಾರವನ್ನೂ ಅವಳ ಹೆಗಲಿಗೇ ದಾಟಿಸಿದೆನೆಂದು ನಾಚಿದ.

ನಿಂಬೆವ್ವ ಬಾಬಾಜಾನನ ಕೈಯಲ್ಲಿದ್ದ ಚೀಟಿಯನ್ನು ನೋಡಿದಳು.

"ನನ್ನ ಮ್ಯಾಲೆ ಹಾಕಬ್ಯಾಡ. ಬರಿ. ಇಂವ ಕಂಬದ ಬುಡಕ ನಿಂತು ಮ್ಯಾಲ ನೋಡ್ಕೋತ ಇರಬೇಕು, ನಾ ಜುಮ್ಮಂತ ಗಾಡಿ ಓಡಸಬೇಕೇನು? ಹಂಗ ಓಡಸಾಕ ನನಗ ಮಾರಿಲ್ಲ."

ಶುಕ್ರವಾರ ಅಡಿವೆಪ್ಪ ಒಪ್ಪಿಗೆ ಬರೆದ. ತೊರಗಲ್ಲ ಮೇಡಂ ಅದನ್ನೋದಿ, ಅವನ ಕೊರಳ ಚೀಟಿಯನ್ನು ಬಿಚ್ಚಿಸಿಕೊಂಡು ಪಟ್ಟಿಯವರ ವಿಳಾಸಗಳನ್ನೂ ಒಂದು ಆಲಿಕೆಯನ್ನೂ ಕೈಗಿತ್ತರು. ಅದು ಬರೆಯುವ ಶಕ್ತಿ ಕಿತ್ತುಹಾಕಿದ್ದ ಆಲಿಕೆ. ಕೇಳಿ ಇಟ್ಟುಕೊಳ್ಳುವುದಷ್ಟೇ ಅದರ ಕೆಲಸ. ಮಧ್ಯಾಹ್ನದೊಳಗೆ ಅವನ ಹೆಸರು ಸಾವಿರದ ಮುನ್ನೂರ ಆರು ಮನೆಗಳನ್ನು ತಲುಪಿತ್ತು. ಅವನು ಓಣಿಯೊಳಗೆ ಬಂದಾಗ ಕಟ್ಟೆಯ ಮೇಲಿನ ಮಾತು ನಿಂತಿತು.

ಶನಿವಾರ ಬೆಳಿಗ್ಗೆ ವ್ಯಾನು ಮತ್ತೆ ಸಾರಿತು. ಈ ಸಲ ನಿಂಬೆವ್ವ ಕೀಲಿಯನ್ನು ಎರಡನೆಯ ಬಾರಿ ತಿರುಗಿಸಲಿಲ್ಲ. ಕೆಳಗಿಳಿದು ನಿಂತಳು.

"ಮತ್ತ ಬಿ.ಪಿ.ನೇನಕ್ಕಾ?" ಎಂದಳು ಜುಲೇಖಾ.

"ಅಲ್ಲ. ನಮ್ಮ ಮನಿಯವರು ಹ್ವಾದಾಗಿಂದ ಮನಸ್ಸ ನೆಟ್ಟಗಿಲ್ಲ ನಂದು. ಔಷಧ ತಗೊಳ್ಳಾಕತ್ತೇನಿ. ನಿನ್ನ ಮಗಳನ್ನ ಕಳಸೂದು ಬಿಡೂದು ನಿನಗ ಬಿಟ್ಟದ್ದು."

ಜುಲೇಖಾ ಮಗಳ ಜಡೆಯ ರಿಬ್ಬನ್ನು ಬಿಚ್ಚಿ ಮತ್ತೆ ಕಟ್ಟಿದಳು. "ಗಾಡಿ ಬಿಟ್ಟ ದಿನ ಕೂಗು ಅಕ್ಕಾ," ಎಂದು ಮಗಳನ್ನು ನಡೆಸಿಕೊಂಡು ಹೋದಳು. ಉಳಿದವರೂ ತಮ್ಮ ತಮ್ಮ ಮಕ್ಕಳನ್ನು ಕರೆದುಕೊಂಡು ಹೊರಟರು.

ಆ ಹಗಲು ಅಕ್ಕ ಅಡುಗೆಮನೆಯಲ್ಲಿ ಮಣೆ ಹಾಕಿದಳು. "ಕುಂದ್ರು. ಮೊದಲ ನನ್ನ ಕೇಳು."

ಅವನು ಪೆಟ್ಟಿಗೆಯನ್ನು ನಡುವೆ ಇಟ್ಟ. ಅವಳು ಎರಡು ತಾಸಿಗೂ ಹೆಚ್ಚು ಮಾತಾಡಿದಳು. ಏನು ಹೇಳಿದಳೆಂಬುದು ಅವಳಿಗೆ ಸೇರಿದ್ದು; ಅದನ್ನಿಲ್ಲಿ ಬರೆಯಲಾಗದು. ಮಧ್ಯೆ ಮಧ್ಯೆ ಅವಳು ತಡವರಿಸಿದಾಗ ಅಡಿವೆಪ್ಪನ ನಾಲಗೆಯ ತುದಿಗೆ ತಕ್ಕ ಶಬ್ದ ಬಂದು ಕುಣಿಯುತ್ತಿತ್ತು. ಅದನ್ನು ನುಂಗಿಕೊಂಡು, ಅವಳೇ ತನ್ನ ಶಬ್ದವನ್ನು ಹುಡುಕಿಕೊಳ್ಳುವವರೆಗೆ ಕಾದ. ಹಲವು ಬಾರಿ ಅವಳಿಗೆ ಸಿಕ್ಕಿದ್ದು ಅವನು ಎಣಿಸಿದ ಶಬ್ದವಾಗಿರಲಿಲ್ಲ. ಮರುದಿನ ಅವನು ಬಾಬಾಜಾನನ ಮನೆಗೆ ಹೋದ. ಬಾಬಾಜಾನನ ಹೆಂಡತಿ ಚಹಾ ಕೊಡಲಿಲ್ಲ; ಅದು ಸರಿಯೆಂದೇ ಅವನಿಗನ್ನಿಸಿತು.

ಬುಧವಾರ ಗದಗಿನ ವೈದ್ಯೆಯಿಂದ ತೀರ್ಮಾನ ಬಂತು. ಎರಡು ಹೋಗಿ ಒಂದಾಗಿತ್ತು. ಕೆಳಗೆ, ಯಂತ್ರದ್ದಲ್ಲದ ಅಕ್ಷರದಲ್ಲಿ, ಅವಸರದ ಓರೆ ಬರಹದಲ್ಲಿ ಒಂದು ಸಾಲು: 'ಪೂರ್ತಿ ಕೇಳಿದೆ. ಮಕ್ಕಳ ವ್ಯಾನು ಓಡಿಸುವುದು ಇವರಿಗೆ ಒಳ್ಳೆಯದು. ಮೊದಲೇ ಕೇಳಬೇಕಿತ್ತು, ತಪ್ಪು ನನ್ನದೂ ಹೌದು.'

ಗುರುವಾರ ವ್ಯಾನು ಹೊರಟಾಗ ಒಳಗೆ ಒಂಬತ್ತು ಮಕ್ಕಳಿದ್ದರು. ಐದು ಮಂದಿ ಬರಲಿಲ್ಲ. ಅವರು ಮುಂದೆ ಬರುತ್ತಾರೋ ಇಲ್ಲವೋ ಯಾವ ಕಡತದಲ್ಲೂ ಬರೆದಿರಲಿಲ್ಲ. ಕ್ಷಮಿಸಿದೆನೆಂದು ನಿಂಬೆವ್ವ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಚಕ್ರದ ಮುಂದೆ ಕುಳಿತು ಅವಳು ಕೇಳಿದ್ದು ಇಷ್ಟೇ: "ಮುಂದಿನದು ಯಾವೂರು?"

"ಅಣ್ಣಿಗೇರಿ. ಬಾಲವಾಡಿ ಟೀಚರ್ ಒಬ್ಬಾಕಿ."

"ಊಟದ ಹೊತ್ತಿಗೆ ಹೋಗಬ್ಯಾಡ. ಬಡಿಸೋ ಪಾಳಿ ಅವರಿಗೆ ಬರತೈತಿ." ವ್ಯಾನು ತಿರುವಿನಲ್ಲಿ ಮರೆಯಾಯಿತು.

ಅಡಿವೆಪ್ಪ ಮಾಳಿಗೆಗೆ ಹೋಗಿ ಗಂಟು ಕಟ್ಟಿದ. ಎರಡು ಜೊತೆ ಬಟ್ಟೆ, ಒಂದು ಹೊದಿಕೆ, ನೀರಿನ ಬಾಟಲಿ, ಅರಿವೆಯಲ್ಲಿ ಸುತ್ತಿದ ಪೆಟ್ಟಿಗೆ, ಇಬ್ಬರ ಸಂಖ್ಯೆಗೆ ಮಾತ್ರ ಗುರುತು ಬಿದ್ದಿದ್ದ ಪಟ್ಟಿ. ಕೋಣೆಯ ಕೀಲಿಯನ್ನು ಅಡುಗೆಮನೆಯ ಮೊಳೆಗೆ ತೂಗುಹಾಕಿ, ಓಣಿಯ ಉದ್ದಕ್ಕೂ ಕಟ್ಟೆಗಳ ಮೇಲಿನ ಕಣ್ಣುಗಳನ್ನು ದಾಟಿ, ಬಸ್ ನಿಲ್ದಾಣಕ್ಕೆ ನಡೆದ.

"ಎಲ್ಲಿಗ್ರೀ?" ಎಂದ ಕಂಡಕ್ಟರ್.

"ಅಣ್ಣಿಗೇರಿ."

"ಹೋಗಿ ಬರೂದು ಎರಡೂ ಕೊಡ್ಲೇನು?"

"ಬ್ಯಾಡ್ರಿ," ಎಂದ ಅಡಿವೆಪ್ಪ, ಗಂಟನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತ. "ಅಲ್ಲಿಂದ ಮುಂದ ಹೋಗೂದೈತಿ."

ಬಸ್ಸು ಹೊರಟಿತು.